ಲಾನೊತೋ ಕೆರೆಗೆ ಒಂಟಿ ಕಾಲಲ್ಲಿ

ಫಾಲೆಉಲು ಹಳ್ಳಿಯಲ್ಲಿ ಅಕೆನೇಸೆಯ ಸೀಟಿ ಕೇಳಿಸಿತೆಂದರೆ ಹೆಂಗಸರು ಮೊದಲು ಮಾಡುತ್ತಿದ್ದ ಕೆಲಸ, ಚಾಪೆಯಡಿ ತಳ್ಳಿದ್ದ ಕಸವನ್ನು ಹೊರಗೆ ಗುಡಿಸುವುದು. ಆಮೇಲೆ ತೊಳೆಯದ ಪಾತ್ರೆಗಳನ್ನು ಬಾಳೆಗಿಡದ ಹಿಂದೆ ಬಚ್ಚಿಡುವುದು. ಅಕೆನೇಸೆ ಮಾತ್ರ ನೆಟ್ಟಗೆ ಬಾಳೆಗಿಡದ ಹಿಂದಕ್ಕೇ ಹೋಗುತ್ತಿದ್ದಳು. ಕರಿ ಹಿಡಿದ ಪಾತ್ರೆಯೊಂದನ್ನು ಎತ್ತಿ ಹಿಡಿದು, "ಇದನ್ನ ಇಲ್ಲಿ ನೆಟ್ಟಿದ್ದೀಯಲ್ಲ, ಫಸಲು ಯಾವಾಗ ಬರತ್ತೆ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ವಿಚಾರಿಸುತ್ತಿದ್ದಳು.

ಊರಿನ ಹೆಂಗಸರ ಸಮಿತಿಗೆ ಅವಳು ಬಹಳ ವರ್ಷ ಮುಖ್ಯಸ್ಥೆ. ವಾರಕ್ಕೊಮ್ಮೆ ಮನೆಮನೆ ತಪಾಸಣೆ. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳವಿದೆಯೇ, ಹಂದಿಗಳು ಗೂಡೊಳಗಿವೆಯೇ, ಚಾಪೆಗೆ ಬಿಸಿಲು ಕಾಣಿಸಿದ್ದಾರೆಯೇ, ಎಲ್ಲವನ್ನೂ ಅವಳು ನೋಡಬೇಕು. ನಮ್ಮ ಮನೆಗಳಿಗೆ ಗೋಡೆಗಳಿಲ್ಲ, ಬರೀ ಕಂಬಗಳು. ನೋಡುವವರಿಗೆ ಎಲ್ಲವೂ ಕಾಣುತ್ತದೆ. ಆದರೂ ಅಕೆನೇಸೆ ನೋಡುವುದೇ ಬೇರೆ, ಉಳಿದವರು ನೋಡುವುದೇ ಬೇರೆ.

ಅವಳ ಹಟ ಎಂಥದೆಂದು ಊರಿಗೆ ಮೊದಲಿನಿಂದ ಗೊತ್ತು. ಸವಾಯಿ ದ್ವೀಪದ ಒಬ್ಬನಿಗೆ ಅವಳನ್ನು ಮದುವೆ ಮಾಡಿಕೊಟ್ಟಿದ್ದರು. ಒಂದು ಸಂಜೆ ಅವನು ಅವಳ ಮೇಲೆ ಕೈ ಮಾಡಿದ. ಮರುದಿನ ಬೆಳಗ್ಗೆ ಅವಳು ತವರಿನಿಂದ ತಂದಿದ್ದ ಚಾಪೆಯನ್ನು ಸುರುಳಿ ಸುತ್ತಿ ಹೆಗಲಿಗೇರಿಸಿ ದೋಣಿ ಹತ್ತಿದಳು. ಗಂಡನ ಕಡೆಯವರು ಮೂರು ಸಲ ಹಂದಿ, ಚಾಪೆ ಹೊತ್ತುಕೊಂಡು ಬಂದು ಕ್ಷಮೆ ಕೇಳಿ ಕುಳಿತರು. ಅವರಿಗೆ ಊಟ ಹಾಕಿದಳು, ಉಪಚಾರ ಮಾಡಿದಳು, ವಾಪಸು ಹೋಗಲಿಲ್ಲ. "ಕ್ಷಮಿಸಿದೀನಿ ಅಂತ ಹೇಳಿ ಅವನಿಗೆ. ಇಲ್ಲಿಂದಾನೇ ಕ್ಷಮಿಸಿದೀನಿ," ಅಂದಳು. ಮಕ್ಕಳಿರಲಿಲ್ಲ. ತಮ್ಮ ಇಯೋಸುವಾನ ಮಕ್ಕಳನ್ನೇ ಬೆಳೆಸಿದಳು, ಬೈದಳು, ಈಜು ಕಲಿಸಿದಳು.

ಅದೇ ಹಟ ಅವಳ ಕಾಲನ್ನೂ ತಿಂದಿತು. ಸಕ್ಕರೆ ಕಾಯಿಲೆ ಬಂದು ಆಗಲೇ ಪಾದಗಳು ಜೋಮು ಹಿಡಿದಿದ್ದವು. ದಡದಲ್ಲಿ ಹವಳದ ಚೂರೊಂದು ಎಡ ಅಂಗಾಲಿಗೆ ನಾಟಿದ್ದು ಅವಳಿಗೆ ತಿಳಿಯಲೇ ಇಲ್ಲ. ತಿಳಿದ ಮೇಲೂ ಯಾರಿಗೂ ಹೇಳಲಿಲ್ಲ. ಬಟ್ಟೆ ಸುತ್ತಿಕೊಂಡು ತಪಾಸಣೆಗೆ ಹೋದಳು, ಮುಂದಿನ ವಾರವೂ ಹೋದಳು. ಕಾಲು ವಾಸನೆ ಹೊಡೆಯಲು ಶುರುವಾದಾಗ ಹಳ್ಳಿಯ ನರ್ಸು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡಳು. ರಾಜಧಾನಿ ಆಪಿಯಾದ ದೊಡ್ಡಾಸ್ಪತ್ರೆಯಲ್ಲಿ, "ಕತ್ತರಿಸಬೇಕು," ಎಂದರು. "ಬೇಡ," ಎಂದಳು ಇವಳು. ರಾತ್ರಿ ಜ್ವರ ನೆತ್ತಿಗೇರಿ ಎಚ್ಚರ ತಪ್ಪಿತು. ಎಚ್ಚರವಾದಾಗ ಎಡ ಮಂಡಿಯ ಕೆಳಗೆ ಹೊದಿಕೆ ಚಪ್ಪಟೆಯಾಗಿ ಬಿದ್ದಿತ್ತು. ಒಪ್ಪಿಗೆಗೆ ಸಹಿ ಹಾಕಿದವನು ಇಯೋಸುವಾ.

ಅಲ್ಲಿಂದಾಚೆಗೆ ಎಲ್ಲ ತಿರುವುಮುರುವಾಯಿತು. ಊರನ್ನು ತಪಾಸಣೆ ಮಾಡುತ್ತಿದ್ದವಳನ್ನು ಈಗ ಊರೇ ತಪಾಸಣೆ ಮಾಡತೊಡಗಿತು. ಕಂಬಕ್ಕೊರಗಿ ಕುಳಿತ ಅವಳ ಮುಂದೆ ಹೋಗುವವರು ಬರುವವರೆಲ್ಲ ನಿಂತು, ಇವತ್ತು ಏನು ತಿಂದೆ, ಔಷಧಿ ತೆಗೊಂಡೆಯಾ, ಗಾಯ ತೋರಿಸು ನೋಡೋಣ ಅನ್ನುವರು. ಆಸ್ಪತ್ರೆಯವರು ಕೊಟ್ಟ ಕೃತಕ ಕಾಲು ಗೋಣಿಚೀಲದಲ್ಲಿ ತೊಲೆಗೆ ನೇತಾಡುತ್ತಿತ್ತು. ಅದನ್ನು ಹಾಕಿಕೊಂಡು ಚರ್ಚಿಗೆ ಹೋಗಿ ಬರಲಷ್ಟೇ ಇಯೋಸುವಾನ ಅಪ್ಪಣೆ. ಅವನು ಈಗ ಮನೆತನದ ಯಜಮಾನ, ಹಿರಿಯರ ಸಭೆಯಲ್ಲಿ ಕಂಬಕ್ಕೊರಗಿ ಕೂರುವ ಮತಾಯಿ. ಸಮಿತಿಯ ಮುಖ್ಯಸ್ಥೆಯ ಜಾಗ ಅವನ ಹೆಂಡತಿ ಮತಲೇನಾಗೆ ಹೋಗಿತ್ತು. ಮತಲೇನಾ ಕೆಟ್ಟವಳಲ್ಲ. ಅತ್ತಿಗೆಯ ಹುಣ್ಣು ತೊಳೆದವಳು, ಮಲಮೂತ್ರ ಬಳಿದವಳು. ಅಷ್ಟು ಮಾಡಿದ್ದರಿಂದಲೇ ಅತ್ತಿಗೆ ಕುಳಿತಲ್ಲೇ ಕುಳಿತಿರಬೇಕೆಂದು ಅವಳಿಗೆ ಅನ್ನಿಸುತ್ತಿತ್ತೋ ಏನೋ.

ಒಂದು ಭಾನುವಾರ ಪ್ರಾರ್ಥನೆ ಮುಗಿದು, ಬಿಸಿಗಲ್ಲಿನ ಒಲೆಯಿಂದ ಅಡುಗೆ ತೆಗೆದು ಎಲ್ಲರೂ ಊಟಕ್ಕೆ ಕುಳಿತಿದ್ದರು. ಎಲ್ಲರ ತಟ್ಟೆಯಲ್ಲಿ ಕೆಸುವಿನ ಗಡ್ಡೆ, ಹಂದಿ ಮಾಂಸ, ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ್ದು. ಅಕೆನೇಸೆಯ ತಟ್ಟೆಯಲ್ಲಿ ಬೇಯಿಸಿದ ಮೀನು, ಸೊಪ್ಪು, ಅರ್ಧ ಹಸಿರು ಬಾಳೆಕಾಯಿ. ಅಂಗಳದಿಂದ ಲೋಸಿವಾಲೆ ಬಂದು ಜಗಲಿಯ ಅಂಚಿನಲ್ಲಿ ಕೂತಳು. ಅವಳು ಅಕೆನೇಸೆಯ ಬಾಲ್ಯದ ಗೆಳತಿ. ಮೈ ದಪ್ಪ, ಬಾಯಿ ದೊಡ್ಡದು.

"ಮತಲೇನಾ, ಗುರುವಾರ ಕೆರೆಗೆ ಹೋಗೋದು ಗಟ್ಟಿ ತಾನೇ? ನಾನು ಬಿಸ್ಕತ್ತಿನ ಡಬ್ಬ ತರ್ತೀನಿ," ಎಂದಳು.

ಸಮಿತಿಯ ಹೆಂಗಸರು ವರ್ಷಕ್ಕೊಮ್ಮೆ ಲಾನೊತೋ ಕೆರೆಗೆ ಹೋಗುವುದು ಅಕೆನೇಸೆಯೇ ಶುರು ಮಾಡಿದ ಪದ್ಧತಿ. ನಡುಗುಡ್ಡದ ರಸ್ತೆಯಲ್ಲಿ ಪಿಕಪ್ಪಿನಲ್ಲಿ ಹೋಗಿ, ರಾಷ್ಟ್ರೀಯ ಉದ್ಯಾನದ ಹಲಗೆ ಇರುವಲ್ಲಿ ಇಳಿದು, ಕಾಡಿನೊಳಗೆ ನಡೆಯಬೇಕು. ಎಂದೋ ಬೆಂಕಿ ಉಗುಳಿ ಸುಮ್ಮನಾದ ಬೆಟ್ಟದ ಬಾಯಲ್ಲಿ ನೀರು ನಿಂತು ಕೆರೆಯಾಗಿದೆ. ಪ್ರತಿ ಸಲವೂ ಅದಕ್ಕೆ ಮೊದಲು ಧುಮುಕುತ್ತಿದ್ದವಳು ಅಕೆನೇಸೆ.

"ಗಟ್ಟಿ," ಎಂದಳು ಮತಲೇನಾ. ಅತ್ತಿಗೆಯ ತಟ್ಟೆಗೆ ಸೊಪ್ಪು ಬಡಿಸುತ್ತ, "ಅಕ್ಕ ಮನೇಲಿರ್ತಾರೆ. ಬಿಸಿಲಿಗೆ ಹಾಕಿರೋ ಚಾಪೆ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ," ಎಂದಳು.

"ಚಾಪೆಗೆ ಕಾಲಿಲ್ಲ, ಎಲ್ಲೂ ಓಡಿಹೋಗಲ್ಲ," ಎಂದಳು ಅಕೆನೇಸೆ. "ನಾನೂ ಬರ್ತೀನಿ."

ಯಾರೋ ನಕ್ಕರು. ಮತಲೇನಾ ನಗಲಿಲ್ಲ. "ಅಕ್ಕಾ, ಆ ದಾರಿ ನಿಮಗೆ ಗೊತ್ತಿಲ್ವಾ? ಮಂಡಿ ತನಕ ಕೆಸರು. ಎರಡು ಕಾಲಿರೋರೇ ನಾಲ್ಕು ಸಲ ಬೀಳ್ತಾರೆ."

"ಹಾಗಾದ್ರೆ ನಾನು ಎರಡೇ ಸಲ ಬೀಳ್ತೀನಿ."

ಇಯೋಸುವಾ ತಟ್ಟೆಯಿಂದ ತಲೆ ಎತ್ತದೆ, "ಬೇಡ ಅಕ್ಕ. ಅದರ ಮಾತು ಮುಗೀತು," ಎಂದ. "ಹಟದಿಂದಲೇ ಒಂದು ಕಾಲು ಹೋಯ್ತು. ಇನ್ನೂ ಬುದ್ಧಿ ಬಂದಿಲ್ವಾ ನಿನಗೆ?"

"ಕಾಲು ಹೋಯ್ತು, ಹೌದು," ಎಂದಳು ಅಕೆನೇಸೆ, ಬಾಳೆಕಾಯಿ ಅಗಿಯುತ್ತ. "ಹಟ ಇಲ್ಲೇ ಇದೆಯಲ್ಲ."

ಮಂಗಳವಾರ ಸಮಿತಿ ಸೇರಿ, ಅಕೆನೇಸೆ ವಿಶ್ರಾಂತಿ ತೆಗೆದುಕೊಳ್ಳತಕ್ಕದ್ದು ಎಂದು ತೀರ್ಮಾನ ಮಾಡಿತು. ಅದನ್ನು ಹೇಳಿ ಬರಲು ಲೋಸಿವಾಲೆಯನ್ನೇ ಕಳಿಸಿದರು. "ನಿನಗೆ ವಿಶ್ರಾಂತಿ ಅಂತೆ ಕಣೇ," ಎಂದಳು ಅವಳು. "ನನಗಾದ್ರೂ ಕೊಡಿ ಅಂತ ಕೇಳಿದೆ, ಕೊಡಲಿಲ್ಲ."

ಅಕೆನೇಸೆ ತೊಲೆಯಿಂದ ಗೋಣಿಚೀಲ ಇಳಿಸಿ ಕಾಲನ್ನು ಹೊರಗೆ ತೆಗೆದು, ಅದರ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿದಳು.

ಗುರುವಾರ ಬೆಳಗ್ಗೆ ಹೆಂಗಸರು ಸೊಂಟಕ್ಕೆ ಸಮಿತಿಯ ನೀಲಿ ಲಾವಲಾವಾ ಬಟ್ಟೆ ಸುತ್ತಿ, ಬುತ್ತಿ ಹೊತ್ತು ಚರ್ಚಿನ ಹತ್ತಿರ ಸೇರಿದರು. ಪಿಕಪ್ಪಿನ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ, ಅಕೆನೇಸೆ ನೀಲಿ ಲಾವಲಾವಾ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಕಿವಿಗೊಂದು ಕೆಂಪು ದಾಸವಾಳ ಸಿಕ್ಕಿಸಿಕೊಂಡು ಕುಳಿತಿದ್ದಳು. ಡ್ರೈವರ್ ಬರುವ ಮೊದಲೇ ಹತ್ತಿ ಕುಳಿತಿದ್ದಳಂತೆ. ಇಳಿಸುವ ಧೈರ್ಯ ಅವನಿಗಿರಲಿಲ್ಲ. ಚಿಕ್ಕವನಿದ್ದಾಗ ಅವಳ ಕೈಯಲ್ಲಿ ಒದೆ ತಿಂದವನು.

ಮತಲೇನಾ ಮನೆಗೆ ಓಡಿ ಗಂಡನನ್ನು ಕರೆತಂದಳು. ಇಯೋಸುವಾ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಬರಿಮೈಯಲ್ಲಿ ಬಂದ.

"ಇಳಿ ಅಕ್ಕ."

"ಇಯೋಸುವಾ," ಎಂದಳು ಅವಳು. ದನಿ ಏರಿಸಲಿಲ್ಲ. "ಅಪ್ಪ ಸತ್ತ ಮೇಲೆ ನಾನು ನಿನ್ನ ಹತ್ರ ಏನಾದರೂ ಕೇಳಿದೀನಾ? ಜಮೀನು ಕೇಳಿದೆನಾ? ಮನೆತನದ ಮತಾಯಿ ಪಟ್ಟ ನಿನಗೆ ಕೊಟ್ಟಾಗ ಎದ್ದು ನಿಂತು ಬೇಡ ಅಂದೆನಾ? ಇವತ್ತು ಅಕ್ಕನಾಗಿ ಕೇಳ್ತಾ ಇದೀನಿ. ನಾನು ಕೆರೆಗೆ ಹೋಗಬೇಕು."

ನಮ್ಮಲ್ಲಿ ಗಂಡುಮಕ್ಕಳು ಅಕ್ಕತಂಗಿಯರ ಮಾತನ್ನು ಹಾಗೆಲ್ಲ ತೆಗೆದುಹಾಕುವ ಹಾಗಿಲ್ಲ. ಊರಿಗೇ ಯಜಮಾನನಾದರೂ ಅಕ್ಕನೆದುರು ಕಾಲು ಚಾಚಿ ಕೂರುವ ಹಾಗಿಲ್ಲ. ಅವಳು ನೊಂದುಕೊಂಡು ಒಂದು ಮಾತು ಆಡಿದರೆ ಅದು ಮಕ್ಕಳುಮರಿಗೂ ತಟ್ಟುತ್ತದೆಂಬ ಹೆದರಿಕೆ. ಇಯೋಸುವಾ ಕೊರಳು ತುರಿಸಿಕೊಂಡ. ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ತಿರುಗಿ ಮನೆಗೆ ಹೋದ. ಬಂದಾಗ ಮೈಮೇಲೆ ಅಂಗಿ ಇತ್ತು, ಕೈಯಲ್ಲಿ ಕಾಡು ಸವರುವ ಕತ್ತಿ ಇತ್ತು. ಹೆಂಗಸರ ನಡುವೆ ಪಿಕಪ್ಪಿನ ಹಿಂದೆ ಹತ್ತಿ ಕುಳಿತ.

"ನೋಡ್ರೇ," ಎಂದಳು ಲೋಸಿವಾಲೆ, "ಸಮಿತಿಗೆ ಹೊಸ ಸದಸ್ಯೆ ಬಂದ್ಳು."

ಕಾಡಿನ ದಾರಿ ಮೊದಲ ಹೆಜ್ಜೆಯಿಂದಲೇ ಕೆಸರು. ಹಿಂದಿನ ದಿನದ ಮಳೆ ಇನ್ನೂ ಎಲೆಗಳಿಂದ ತೊಟ್ಟಿಕ್ಕುತ್ತಿತ್ತು. ಮರದ ಬೇರುಗಳು ದಾರಿಗೆ ಅಡ್ಡ ಹರಡಿ, ಪಾಚಿ ಹಿಡಿದು ಜಾರುತ್ತಿದ್ದವು. ಇಯೋಸುವಾ ಎರಡು ಕೋಲು ಕಡಿದು, ತುದಿಗೆ ಅಡ್ಡಪಟ್ಟಿ ಕಟ್ಟಿ ಅಕ್ಕನಿಗೆ ಕೊಟ್ಟ. ಅವಳು ಮೊದಲು ಕೋಲು ಊರಿ, ಒಳ್ಳೆಯ ಕಾಲಿಟ್ಟು, ಆಮೇಲೆ ಆಸ್ಪತ್ರೆ ಕಾಲನ್ನು ಸೊಂಟದಿಂದ ಬೀಸಿ ಮುಂದಕ್ಕೆ ತರುತ್ತಿದ್ದಳು. ಹೆಂಗಸರು ಸ್ವಲ್ಪ ದೂರ ಹೋಗಿ ನಿಲ್ಲುವರು, ಅವಳು ಹತ್ತಿರ ಬಂದಾಗ ಮತ್ತೆ ಹೊರಡುವರು. ಅವಳಿಗೆ ಮಾತ್ರ ನಿಲ್ಲುವ ಹೊತ್ತೇ ಸಿಗಲಿಲ್ಲ.

ಒಂದು ತಗ್ಗಿನಲ್ಲಿ ಆಸ್ಪತ್ರೆ ಕಾಲು ಹೂತುಕೊಂಡಿತು. ಅವಳು ಎಳೆದಳು, ಬರಲಿಲ್ಲ. ಇನ್ನೂ ಜೋರಾಗಿ ಎಳೆದಾಗ ಪಟ್ಟಿ ಸಡಿಲಾಗಿ ಕಾಲು ಕೆಸರಲ್ಲೇ ಉಳಿಯಿತು, ಅಕೆನೇಸೆ ಹಿಂದಕ್ಕೆ ಬಿದ್ದಳು. ನಿಂತ ಹಾಗೇ ಉಳಿದ ಆ ಕಾಲನ್ನು ಎಲ್ಲರೂ ನೋಡಿದರು. ಮೊದಲು ನಕ್ಕವಳು ಅಕೆನೇಸೆಯೇ.

"ಅದಕ್ಕೆ ಸುಸ್ತಾಗಿದೆ ಪಾಪ," ಎಂದಳು. "ಮೊದಲ ಸಲ ಕಾಡು ನೋಡ್ತಾ ಇದೆ."

ಲೋಸಿವಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತಲೇನಾಳ ಕಣ್ಣಲ್ಲಿ ಮಾತ್ರ ನೀರು ಬಂತು. ಸಿಟ್ಟಿನ ನೀರು. "ನಗೋದಾ ಇದು? ಆ ಗಾಯ ತೊಳೆದವಳು ನಾನು. ಮತ್ತೆ ಒಡೆದರೆ ತೊಳೆಯೋಳೂ ನಾನೇ!"

ಆ ಮಾತು ಅಕೆನೇಸೆಗೆ ನಾಟಿತು. ನಗು ನಿಲ್ಲಿಸಿದಳು. ಕಾಲನ್ನು ಕಿತ್ತುಕೊಂಡು, ಒರೆಸಿ, ಮತ್ತೆ ಕಟ್ಟಿಕೊಂಡಳು. "ಈ ಸಲ ನಾನೇ ತೊಳ್ಕೋತೀನಿ," ಎಂದಷ್ಟೇ ಅಂದಳು.

ಅಷ್ಟರಲ್ಲಿ ಮಳೆ ಬಂತು. ಸಣ್ಣಗೆ ಶುರುವಾಗಿ ದಪ್ಪಗಾಯಿತು. ಹಿಂದೆಯೇ ಮಂಜು ಇಳಿದು, ಎದುರಿನ ಮರದೆತ್ತರದ ಜರಿಗಿಡಗಳ ಆಚೆಗೆ ಏನೂ ಕಾಣದಂತಾಯಿತು. ಮತಲೇನಾ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದಳು. "ಸಾಕು. ವಾಪಸ್ ಹೋಗೋಣ. ಇನ್ನೊಂದು ದಿನ ಬಂದರಾಯ್ತು."

ಹೆಂಗಸರು ತಿರುಗಿದರು. ಸಮಿತಿಯ ಮುಖ್ಯಸ್ಥೆ ತಿರುಗಿ ಅಂದರೆ ಎಲ್ಲರೂ ತಿರುಗಬೇಕು. ದಾರಿಯಲ್ಲಿ ಒಬ್ಬರನ್ನೊಬ್ಬರು ಬಿಡಬಾರದು.

ಅಕೆನೇಸೆ ಮಾತ್ರ ತಿರುಗಲಿಲ್ಲ. "ಕೆರೆ ಇಲ್ಲೇ ಇದೆ. ಆ ಏರು ಹತ್ತಿದರೆ ಸಿಕ್ತು."

"ಅಕ್ಕಾ, ಈ ನಿಯಮ ಮಾಡಿದ್ದು ಯಾರು? ನೀವೇ. ಮುಖ್ಯಸ್ಥೆ ಮಾತು ಮೀರಿದ ಹೆಂಗಸಿಗೆ ದಂಡ ಹಾಕಿಸಿದ್ದು ಯಾರು? ನೀವೇ. ಲೋಸಿವಾಲೆಗೆ ಎಷ್ಟು ಸಲ ಹಾಕಿಸಿಲ್ಲ!"

"ದಂಡ ಕಟ್ಟಿ ಕಟ್ಟಿ ನನ್ನ ಹಂದಿ ಸಂತಾನವೇ ಮುಗೀತು," ಎಂದಳು ಲೋಸಿವಾಲೆ.

"ನಿಯಮ ನಂದೇ," ಎಂದಳು ಅಕೆನೇಸೆ. ಮಳೆನೀರು ಮುಖದ ಮೇಲಿಂದ ಇಳಿಯುತ್ತಿತ್ತು. ಕಿವಿಯ ದಾಸವಾಳ ಎಲ್ಲೋ ಬಿದ್ದುಹೋಗಿತ್ತು. "ಮುಖ್ಯಸ್ಥೆ ನೀನು. ನೀನು ಹೇಳಿದ್ದು ಸರಿ. ನಾನು ಮೀರ್ತಾ ಇದೀನಿ, ಅದೂ ಸರಿ. ದಂಡ ಹಾಕು, ಕಟ್ತೀನಿ. ಆದ್ರೆ ನಾನು ತಿರುಗಲ್ಲ."

ಎಲ್ಲರೆದುರು ಇಂಥ ಮಾತು. ಮತಲೇನಾ ತುಟಿ ಕಚ್ಚಿಕೊಂಡು ಗಂಡನ ಕಡೆ ನೋಡಿದಳು. "ಎತ್ಕೊಂಡ್ ಬನ್ನಿ ಅವರನ್ನ."

ಇಯೋಸುವಾ ಅಕ್ಕನ ಹತ್ತಿರ ಬಂದ. ಅವನ ಕೈ ಅರ್ಧಕ್ಕೆ ಎದ್ದಿತ್ತು.

"ಮುಟ್ಟಿ ನೋಡು," ಎಂದಳು ಅಕೆನೇಸೆ.

ಅವನು ಮುಟ್ಟಲಿಲ್ಲ. ಹೆಂಡತಿಗೆ, "ನೀವು ಹೋಗಿ ಗಾಡಿ ಹತ್ರ ಇರಿ. ನಾನು ಇವಳ ಜೊತೆ ಇರ್ತೀನಿ," ಎಂದ. ಮತಲೇನಾ ತಿರುಗಿ ನಡೆದಳು, ಹೆಂಗಸರು ಅವಳ ಹಿಂದೆ. ಲೋಸಿವಾಲೆ ಮಾತ್ರ ಒಂದು ಕ್ಷಣ ಹಿಂದೆ ಉಳಿದು ಬಿಸ್ಕತ್ತಿನ ಡಬ್ಬವನ್ನು ಇಯೋಸುವಾನ ಕಂಕುಳಿಗೆ ತುರುಕಿದಳು. "ಸಿಹಿ ಇಲ್ಲದ್ದು," ಎಂದು ಗೆಳತಿಗೆ ಕಣ್ಣು ಹೊಡೆದು ಹೋದಳು.

ಅಕ್ಕ ತಮ್ಮ ಇಬ್ಬರೇ ಏರು ಹತ್ತಿದರು. ಇಯೋಸುವಾನ ಚಪ್ಪಲಿಯ ಬಾರು ಕಿತ್ತುಹೋಗಿ ಅವನೂ ಬರಿಗಾಲಾದ. ತುದಿ ತಲುಪಿದಾಗ ಕೆಳಗೆ ಕೆರೆ ಇರಬೇಕಾದಲ್ಲಿ ಬರೀ ಬಿಳಿ. ಹಾಲು ತುಂಬಿದ ಬಟ್ಟಲಿನ ಹಾಗೆ. ನೀರೂ ಇಲ್ಲ, ಆಚೆ ದಡವೂ ಇಲ್ಲ.

"ಏನೂ ಕಾಣಲ್ಲ," ಎಂದ ಇಯೋಸುವಾ. "ಬಂದಿದ್ದಾಯ್ತಲ್ಲ. ಸಾಕಾಯ್ತಾ?"

"ನೋಡೋಕೆ ಯಾರು ಬಂದ್ರು?"

ಕೆಳಗಿಳಿಯುವ ದಾರಿ ಕಡಿದು. ಕೋಲು ಊರಿದರೆ ಕೋಲೇ ಜಾರುತ್ತಿತ್ತು. ಅಕೆನೇಸೆ ಕೋಲುಗಳನ್ನು ತಮ್ಮನಿಗೆ ಕೊಟ್ಟು, ಲಾವಲಾವಾ ಮಂಡಿಗೆ ಬಿಗಿದು ಕಟ್ಟಿಕೊಂಡು, ಕೆಸರಲ್ಲಿ ಕುಳಿತಳು. ಕೈಗಳನ್ನು ಹಿಂದಕ್ಕೆ ಊರಿ, ಕುಳಿತಲ್ಲೇ ಜಾರುತ್ತ ಹೊರಟಳು. ಹಿಂದಿನಿಂದ ತಮ್ಮ, "ಬೇರು, ಬೇರು! ಎಡಕ್ಕೆ!" ಎಂದು ಕೂಗುತ್ತಿದ್ದ. ಕೊನೆಗೆ ಕೇದಗೆ ಪೊದೆಗಳ ನಡುವೆ ಅವಳ ಕಾಲಿಗೆ ನೀರು ತಾಗಿತು.

ಅವಳು ಪಟ್ಟಿ ಬಿಚ್ಚಿ ಕಾಲನ್ನು ತಮ್ಮನ ಕೈಗಿತ್ತಳು. ಅವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಕೂಸನ್ನು ಹಿಡಿದ ಹಾಗೆ ಎದೆಗವಚಿಕೊಂಡು ನಿಂತ. ಅಕೆನೇಸೆ ಅಂಚಿನ ಹುಲ್ಲಿನ ಮೇಲಿಂದ ಉರುಳಿ ನೀರಿಗಿಳಿದಳು. ಇಳಿದವಳು ಮುಳುಗಿದಳು. ಎದ್ದಾಗ ದಡದಿಂದ ಆಗಲೇ ಅಷ್ಟು ದೂರವಿದ್ದಳು.

ನೀರು ಕೊರೆಯುತ್ತಿತ್ತು. ಒಂದು ಸಲ ತೋಳು ಬೀಸಿದರೆ ಮೈ ಮುಂದಕ್ಕೆ ಹೋಗುತ್ತಿತ್ತು. ಎಷ್ಟು ಸಲೀಸಾಗಿ ಹೋಗುತ್ತಿತ್ತೆಂದರೆ ಅವಳಿಗೇ ನಂಬಿಕೆ ಬರಲಿಲ್ಲ. ನೆಲದ ಮೇಲೆ ಪ್ರತಿ ಹೆಜ್ಜೆಗೂ ಲೆಕ್ಕ ಹಾಕಬೇಕಿತ್ತು. ಇಲ್ಲಿ ಯಾರೂ ಏನೂ ಕೇಳಲಿಲ್ಲ. ಯಾರೋ ಬಿಳಿಯರು ಎಂದೋ ತಂದುಬಿಟ್ಟ ಚಿನ್ನದ ಮೀನುಗಳ ಮರಿಗಳು ಬಂದು ಮೈಗೆ ಮುತ್ತಿಕ್ಕಿ ಹೋದವು. ಆಗ ಒಂದು ವಿಚಿತ್ರವಾಯಿತು. ಅವಳ ಎಡ ಪಾದ, ಆಸ್ಪತ್ರೆಯವರು ಎಲ್ಲೋ ಹೂತೋ ಸುಟ್ಟೋ ಹಾಕಿದ್ದ ಆ ಪಾದ, ತಣ್ಣಗಾಯಿತು. ಬೆರಳುಗಳ ಸಂದಿಯಲ್ಲಿ ನೀರು ಹರಿದದ್ದು ತಿಳಿಯಿತು. ಇದ್ದ ಪಾದದಲ್ಲಿ ಜೋಮು. ಇಲ್ಲದ ಪಾದದಲ್ಲಿ ಚಳಿ. ಅವಳು ಅಂಗಾತ ತೇಲುತ್ತ, ಮಂಜಿನೊಳಗಿಂದ ಮುಖದ ಮೇಲೆ ಬೀಳುವ ಹನಿಗಳಿಗೆ ಕಣ್ಣುಮುಚ್ಚಿ, ಮನಸಾರೆ ಅತ್ತಳು. ಅಲ್ಲಿ ಅಳುವುದು ಯಾರಿಗೂ ಕಾಣುವ ಹಾಗಿರಲಿಲ್ಲ.

"ಅಕ್ಕಾ!" ದಡದಿಂದ ಕೂಗು. "ಅಕ್ಕಾ, ಕಾಣ್ತಾ ಇಲ್ಲ ನೀನು!"

ಅವಳು ಉತ್ತರ ಕೊಡಲಿಲ್ಲ. ಕೊಡಬಹುದಿತ್ತು, ಬೇಕೆಂದೇ ಕೊಡಲಿಲ್ಲ. ಮತ್ತೆ ಕೂಗಿದ, ಮತ್ತೆ ಕೂಗಿದ. ಆಮೇಲೆ ದನಿ ಒಡೆದು, ಕೂಗು ಪ್ರಾರ್ಥನೆಯಾಯಿತು. ಅದೂ ನಿಂತು ಬರೀ ಬಿಕ್ಕು ಕೇಳಿಸಿದಾಗ ಅವಳು, "ಬದುಕಿದೀನಿ ಕಣೋ, ಬಾಯಿ ಮುಚ್ಚು!" ಎಂದು ಅಬ್ಬರಿಸಿ ದಡಕ್ಕೆ ತಿರುಗಿದಳು.

ಬಂದು ನೋಡಿದರೆ ತಮ್ಮ ಸೊಂಟದವರೆಗೆ ನೀರಲ್ಲಿ ನಿಂತಿದ್ದ. ಅವನಿಗೆ ಈಜು ಬರುತ್ತಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಕಲಿಸಿದ ಅಕ್ಕನಿಂದ ತಪ್ಪಿಸಿಕೊಂಡವನು ಅವನೊಬ್ಬನೇ. ಕೃತಕ ಕಾಲನ್ನು ಮಾತ್ರ ನೀರು ತಾಗದಂತೆ ತಲೆಯ ಮೇಲೆ ಎತ್ತಿ ಹಿಡಿದಿದ್ದ.

"ನಾನೇ ಕೊಯ್ಸಿದ್ದು," ಎಂದ ಅಳುತ್ತಲೇ. "ನೀನು ಬೇಡ ಅಂದಿದ್ದೆ. ನಾನೇ ಸಹಿ ಹಾಕ್ದೆ. ಅದಕ್ಕೇ ತಾನೇ ನನ್ನ ಹೀಗೆ ಸಾಯಿಸ್ತಾ ಇರೋದು ನೀನು?"

ಕಾಲು ಹೋದ ಮೇಲೆ ಎರಡು ವರ್ಷ ಒಂದೇ ಚಾವಣಿಯಡಿ ಮಲಗಿ ಎದ್ದರೂ ಈ ಮಾತು ಅವರ ನಡುವೆ ಬಂದಿರಲಿಲ್ಲ. ಅಕೆನೇಸೆ ಹುಲ್ಲು ಹಿಡಿದು ದಡಕ್ಕೆ ಹತ್ತಿ ಕುಳಿತು, ಕೂದಲು ಹಿಂಡಿದಳು.

"ಸಹಿ ಹಾಕದಿದ್ರೆ ಸಾಯ್ತಿದ್ದೆ. ಗೊತ್ತು ನನಗೆ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ."

"ಮತ್ತೆ?"

"ನನಗೆ ಎಚ್ಚರ ಬಂತಲ್ಲ ಇಯೋಸುವಾ, ಆವಾಗ ನೀನು ನಿಲ್ಲಿಸಬೇಕಿತ್ತು. ನಾನು ಕಣ್ಣು ಬಿಟ್ಟ ಮೇಲೂ ನೀನೇ ಸಹಿ ಹಾಕ್ತಾ ಇದೀಯ. ಏನು ತಿನ್ನಬೇಕು, ಎಲ್ಲಿ ಕೂರಬೇಕು, ಯಾವಾಗ ಚರ್ಚಿಗೆ ಹೋಗಬೇಕು, ಎಲ್ಲದಕ್ಕೂ ನಿನ್ನದೇ ಸಹಿ. ಒಂದು ಕಾಲು ಕೊಟ್ಟೆ, ಹೋಗ್ಲಿ. ಮಿಕ್ಕಿದ್ದೆಲ್ಲ ನಂದು. ಅದಕ್ಕೆ ನನ್ನನ್ನ ಕೇಳಬೇಕು."

ಅವನು ನೀರಿನಿಂದ ಮೇಲೆ ಬಂದು, ಹುಲ್ಲಿನ ಮೇಲಿಟ್ಟಿದ್ದ ಡಬ್ಬ ಎತ್ತಿಕೊಂಡ. ಮಂಜು ಕದಲಲಿಲ್ಲ. ಎಲ್ಲೋ ಕಾಡುಪಾರಿವಾಳ ಗುಟುರು ಹಾಕಿತು.

"ಬಿಸ್ಕತ್ತು ಬೇಕಾ?" ಎಂದು ಕೇಳಿದ.

"ಹಾಂ, ಹೀಗೆ ಕೇಳಬೇಕು," ಎಂದಳು ಅಕೆನೇಸೆ. "ಕೊಡು."

ಹತ್ತುವುದು ಇಳಿದ ಹಾಗಲ್ಲ. ಅವಳು ಕೈ ಮಂಡಿ ಊರಿ ಹತ್ತಿದಳು, ಬೇರು ಹಿಡಿದು ಮೈ ಎಳೆದುಕೊಂಡಳು. ಅವನು ಎತ್ತಿಕೊಳ್ಳುತ್ತೇನೆ ಅನ್ನಲಿಲ್ಲ. ಒಮ್ಮೆ ಮಾತ್ರ, "ಹೆಗಲು ಬೇಕಾ?" ಎಂದು ಕೇಳಿದ. "ಈಗ ಬೇಕು," ಎಂದು ಅವಳೂ ಹಿಡಿದುಕೊಂಡಳು. ಕಾಡಿನ ದಾರಿಯ ಕೊನೆಗೆ ಬರುವಾಗ ಮೊಂಡು ಕಾಲಿನ ಚರ್ಮ ಸುಲಿದು, ಕಟ್ಟಿದ ಬಟ್ಟೆ ರಕ್ತದಲ್ಲಿ ನೆಂದಿತ್ತು. ಹೆಂಗಸರು ಪಿಕಪ್ಪಿನ ತಾಡಪತ್ರಿಯಡಿ ಒಬ್ಬರ ಮೇಲೊಬ್ಬರು ಮುದುರಿ ಕುಳಿತಿದ್ದರು. ಮತಲೇನಾ ಇಳಿದು ಬಂದು ಅತ್ತಿಗೆಯನ್ನು ಮೇಲಿಂದ ಕೆಳಗೆ ನೋಡಿ, ಫ್ಲಾಸ್ಕಿನಿಂದ ಬಿಸಿ ಕೋಕೋ ಬಗ್ಗಿಸಿ ಕೊಟ್ಟಳು.

"ಒಂದು ಹಂದಿ," ಎಂದಳು. "ದೊಡ್ಡದು. ಸಮಿತಿಗೆಲ್ಲ ಊಟ."

"ಆಯ್ತು," ಎಂದಳು ಅಕೆನೇಸೆ. ಕೋಕೋ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಸಕ್ಕರೆ ಹಾಕಿದೀಯಲ್ಲೇ!"

"ಇವತ್ತೊಂದಿನ," ಎಂದಳು ಮತಲೇನಾ. ಆಮೇಲೆ ಮುಖ ಆಚೆ ತಿರುಗಿಸಿಕೊಂಡಳು.

ದಂಡದ ಊಟ ಸಮಿತಿ ಮನೆಯಲ್ಲೇ ಆಯಿತು. ಹಂದಿ ಅಕೆನೇಸೆಯದೇ, ತಾನೇ ಸಾಕಿದ್ದು. ಗಾಯದ ಮೇಲೆ ಆಸ್ಪತ್ರೆ ಕಾಲು ಕಟ್ಟುವ ಹಾಗಿಲ್ಲದೆ ಅವಳು ಕೋಲುಗಳ ಮೇಲೆ ನಿಂತು, ನಿಯಮ ಮೀರಿದ್ದು ತಪ್ಪೆಂದು ಎಲ್ಲರೆದುರು ಹೇಳಿದಳು. ಕೆರೆಗೆ ಹೋದದ್ದು ತಪ್ಪೆಂದು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಊಟವಾದ ಮೇಲೆ ಹಿಂದಿನ ಸಾಲಿನ ಚಾಪೆಯಲ್ಲಿ ಲೋಸಿವಾಲೆಯ ಪಕ್ಕ ಕುಳಿತಳು. ಮುಂದಿನ ತಿಂಗಳ ಕೆಲಸ ಹಂಚುವಾಗ ಮತಲೇನಾ ಅವಳ ಹೆಸರನ್ನೂ ಕರೆದಳು.

ನರ್ಸು ಮಾತ್ರ ಬಿಡಲಿಲ್ಲ. "ಇನ್ನು ಸ್ವಲ್ಪ ಹೆಚ್ಚಾಗಿದ್ರೆ ಮಂಡೀನೂ ಹೋಗ್ತಿತ್ತು! ಯಾರು ಬಿಟ್ಟಿದ್ದು ನಿಮ್ಮನ್ನ?"

"ವಾಸಿ ಮಾಡೋದು ನಿನ್ನ ಕೆಲಸ, ಮಾಡಮ್ಮ. ನೀನು ಹೇಳಿದ ಹಾಗೆ ಕೇಳ್ತೀನಿ," ಎಂದಳು ಅಕೆನೇಸೆ. "ಯಾರು ಬಿಟ್ರು ಅಂತ ಮಾತ್ರ ಕೇಳಬೇಡ."

ಮಾತಿನಂತೆ ನಡೆದುಕೊಂಡಳು ಕೂಡ. ಗಾಯ ಮುಚ್ಚುವ ತನಕ ಕಾಲು ಕಟ್ಟಲಿಲ್ಲ, ದಿನಾ ಬೆಳಗ್ಗೆ ತಾನೇ ಬಿಸಿನೀರಿನಲ್ಲಿ ತೊಳೆದುಕೊಂಡಳು. ಇದ್ದ ಪಾದವನ್ನು ಕನ್ನಡಿ ಹಿಡಿದು ನೋಡಿಕೊಳ್ಳುವುದನ್ನೂ ಕಲಿತಳು. ಮೊದಲೇ ಇಷ್ಟು ಮಾಡಿದ್ದರೆ, ಎಂದು ಮತಲೇನಾ ಒಮ್ಮೆ ಅಂದಾಗ, "ಹೌದು, ಮಾಡಬೇಕಿತ್ತು," ಎಂದು ಒಪ್ಪಿಕೊಂಡಳು.

ಮತ್ತೆ ಕಾಲು ಕಟ್ಟಿಕೊಂಡ ದಿನ ಅವಳು ನೆಟ್ಟಗೆ ಹೋದದ್ದು ಊರಿನ ಆ ತುದಿಯ ಸೆಫೋನ ಮನೆಗೆ. ಒಂದು ಕಾಲಕ್ಕೆ ಸೆಫೋ ಬ್ಯಾಟು ಬೀಸಿದರೆ ಚೆಂಡನ್ನು ಸಮುದ್ರದಲ್ಲಿ ಹುಡುಕಬೇಕಿತ್ತು. ಪಕ್ಕದ ಊರಿನವರು ಅವನ ಹೆಸರು ಕೇಳಿದರೆ ಪಂದ್ಯಕ್ಕೇ ಬರುತ್ತಿರಲಿಲ್ಲ. ಅವನಿಗೂ ಅದೇ ಕಾಯಿಲೆ, ಅದೇ ಆಸ್ಪತ್ರೆ, ಬಲಗಾಲು. ಬಂದಾಗಿನಿಂದ ಮನೆಯ ಸುತ್ತ ತೆಂಗಿನ ಗರಿಯ ತಡಿಕೆಗಳನ್ನು ಹಗಲೂ ಇಳಿಬಿಡಿಸಿಕೊಂಡು ಒಳಗೇ ಮಲಗಿದ್ದ. ಅವನ ಮುಖ ನೋಡಿದವರಿಲ್ಲ.

ಅಕೆನೇಸೆ ಒಂದು ಕಡೆಯ ತಡಿಕೆ ಎಳೆದು ಮೇಲಕ್ಕೆ ಕಟ್ಟಿದಳು. ಬಿಸಿಲು ಚಾಪೆಯ ಮೇಲೆ ಬಿತ್ತು. ಗಡ್ಡ ಬೆಳೆದ ಸೆಫೋ ಹೊದಿಕೆ ಎಳೆದುಕೊಂಡ.

"ಯಾರದು? ಇಳಿಸು ಅದನ್ನ!"

"ಮನೆ ವಾಸನೆ ಹೊಡೀತಾ ಇದೆ. ಗಾಳಿ ಬರಲಿ."

"ತಪಾಸಣೆ ಮಾಡೋಕೆ ಬಂದ್ಯಾ? ನೀನೀಗ ಮುಖ್ಯಸ್ಥೆ ಅಲ್ಲ."

"ಅಲ್ಲ. ಸುಮ್ಮನೆ ಬಂದೆ," ಎಂದು ಅವಳು ಜಗಲಿಯ ಅಂಚಿಗೆ ಕೂತು, ಆಸ್ಪತ್ರೆ ಕಾಲನ್ನು ಅವನಿಗೆ ಕಾಣುವ ಹಾಗೆ ಮುಂದಕ್ಕೆ ಚಾಚಿದಳು. ಕೆರೆಯ ದಾರಿಯ ಕೆಸರು ಅದರ ಸಂದಿಗಳಲ್ಲಿ ಇನ್ನೂ ಒಣಗಿ ಅಂಟಿತ್ತು. ಸೆಫೋ ಅದನ್ನೇ ನೋಡಿದ. ನೋಡಬಾರದೆಂದು ಆಚೆ ತಿರುಗಿದ.

"ಕೆರೆಗೆ ಹೋಗಿದ್ದೆಯಂತೆ. ಹುಚ್ಚು ನಿನಗೆ."

"ಇರಬಹುದು. ನೀರು ಚೆನ್ನಾಗಿತ್ತು."

"ಹೋಗು ಅಕೆನೇಸೆ. ನನ್ನ ಪಾಡಿಗೆ ನನ್ನ ಬಿಡು."

"ಹೋಗ್ತೀನಿ. ಮನೆಗೆ ಬಂದೋರನ್ನ ಮೆಟ್ಟಿಲ ತನಕ ಬಂದು ಕಳಿಸೋದು ಮರ್ಯಾದೆ ಅಲ್ವಾ? ನಿಮ್ಮಪ್ಪ ಕಲಿಸಿದ್ದಾನೆ ನಿನಗೆ. ಬಾ, ಕಳಿಸು."

ಸೆಫೋ ಬೈದ. ಕೈಗೆ ಸಿಕ್ಕ ಲೋಟ ಎಸೆದ. ಅದು ಕಂಬಕ್ಕೆ ತಾಗಿ ಉರುಳಿತು. ಅಕೆನೇಸೆ ಕದಲಲಿಲ್ಲ. ಅವಸರವೇನೂ ಇಲ್ಲದವಳ ಹಾಗೆ ಸಮುದ್ರದ ಕಡೆ ನೋಡುತ್ತ ಕುಳಿತೇ ಇದ್ದಳು. ಬಿಸಿಲು ಚಾಪೆಯ ಮೇಲೆ ಅರ್ಧ ಸರಿಯಿತು. ಅಡುಗೆಮನೆಯಲ್ಲಿ ಅವನ ಹೆಂಡತಿ ಒಲೆ ಊದುವುದನ್ನೂ ಬಿಟ್ಟು ಇತ್ತಲೇ ನೋಡುತ್ತ ನಿಂತಿದ್ದಳು. ಕೊನೆಗೆ ಸೆಫೋ ಹೊದಿಕೆ ಕಿತ್ತೊಗೆದು, ಕೈಗಳನ್ನೂರಿ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ, ಕುಂಡೆ ಎಳೆದುಕೊಂಡು ಮೆಟ್ಟಿಲಿಗೆ ಬಂದ.